ಗಾಳಿ ನೋಡಿಕೊಂಡು ಓಡಿಸಿ: ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆಯಲ್ಲಿ ಮೂರು ಗಂಟೆಯ ರೇಸ್

ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನನ್ನದೊಂದು ಟೈರ್ ಅಂಗಡಿ ಇದೆ. ಪಂಕ್ಚರ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ವಾರವಿಡೀ ಊರವರ ಗಾಡಿಗೆ ಗಾಳಿ ಹೊಡೆದು, ಭಾನುವಾರ ಸಂಜೆ ಕಂಪ್ಯೂಟರ್ ಮುಂದೆ ಕೂತು ಮತ್ತೆ ಗಾಳಿ ಲೆಕ್ಕವನ್ನೇ ಹಾಕುತ್ತೇನೆ. ಮನೆಯಲ್ಲಿ ನಗುತ್ತಾರೆ. ನಗಲಿ ಬಿಡಿ. ಈ ಕಾರ್ ರೇಸ್ ಗೇಮ್ ಬಗ್ಗೆ ಬರೆಯೋಣ ಅನ್ನಿಸಿದ್ದೇ ಆ ಗಾಳಿ ಲೆಕ್ಕದಿಂದ.

ಗೇಮ್‌ನ ಹೆಸರು ಉದ್ದ ಇದೆ. ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ. ಮಗ 'ಎಸಿಸಿ' ಅಂತಾನೆ, ನಾನೂ ಹಾಗೇ ಕರೆಯುತ್ತೇನೆ. ಮಾಡಿದವರು ಇಟಲಿಯ ಕುನೊಸ್ ಸಿಮುಲಾಟ್ಸಿಯೋನಿ. ರೋಮ್ ಹತ್ತಿರದ ವಲ್ಲೆಲುಂಗಾ ರೇಸ್ ಟ್ರ್ಯಾಕ್‌ನಲ್ಲೇ ಅವರ ಆಫೀಸು. ಗೇಮ್ ಪೂರ್ತಿಯಾಗಿ ಬಿಡುಗಡೆಯಾದದ್ದು 2019ರ ಮೇ 29ಕ್ಕೆ. ಹಳೆಯದಾಯಿತು ಅನ್ನಬೇಡಿ, ನಮ್ಮ ಹಳೇ ಕಂಪ್ಯೂಟರಿಗೆ ಅದೇ ಒಳ್ಳೆಯದಾಯಿತು. ಇದರಲ್ಲಿ ಮುಖ್ಯವಾಗಿ ಇರುವುದು ಜಿಟಿ3 ಕಾರುಗಳು. ಅಂದರೆ ರೋಡಿನಲ್ಲಿ ಓಡುವ ಪೋರ್ಶೆ, ಫೆರಾರಿ, ಬೆಂಟ್ಲಿಗಳನ್ನೇ ರೇಸಿಗೆ ಅಂತ ತಯಾರು ಮಾಡಿದ ಗಾಡಿಗಳು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ಎಬಿಎಸ್ ಉಂಟು, ಆಕ್ಸಿಲರೇಟರ್ ಒತ್ತಿದಾಗ ಚಕ್ರ ಜಾರದ ಹಾಗೆ ಟ್ರ್ಯಾಕ್ಷನ್ ಕಂಟ್ರೋಲ್ ಉಂಟು. ಸ್ಟೀರಿಂಗ್ ಹೊಸದಾಗಿ ಹಿಡಿದವನೂ ಒಂದು ವಾರದಲ್ಲಿ ರೋಡ್ ಮೇಲೆ ನಿಲ್ಲಬಹುದು.

ಆನ್‌ಲೈನಲ್ಲಿ ಬೇರೆಯವರ ಜೊತೆ ಓಡಿಸುವುದೇ ಮಜಾ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಆಗಿಬರಲ್ಲ. ರೇಸ್ ನಡುವೆ ಯಾರಾದರೂ ಫೋನ್ ಮಾಡಿ, "ಅಣ್ಣಾ, ಬೈಪಾಸಲ್ಲಿ ಗಾಡಿ ನಿಂತಿದೆ, ಜಾಕ್ ಕಳಿಸಿ" ಅಂದರೆ ಏನು ಮಾಡಲಿ? ಕಂಪ್ಯೂಟರ್ ಡ್ರೈವರುಗಳ ಜೊತೆ ಆದರೆ ಎಸ್ಕೇಪ್ ಒತ್ತಿದರೆ ಸಾಕು. ಇಪ್ಪತ್ತನಾಲ್ಕು ಗಾಡಿಗಳೂ ಅಲ್ಲಲ್ಲೇ ನಿಲ್ಲುತ್ತವೆ. ನಾನು ಊಟ ಮಾಡಿ ಬರುವವರೆಗೂ ಯಾರೂ ಬೈಯುವುದಿಲ್ಲ.

ಹೋದ ತಿಂಗಳು ಮಾಡಿದ್ದು ಮೂರು ಗಂಟೆಯ ರೇಸ್. ಜಾಗ ಬೆಲ್ಜಿಯಂನ ಸ್ಪಾ ಫ್ರಾಂಕೊರ್ಶಾಂ. ಅಲ್ಲಿ 24 ಗಂಟೆಯ ರೇಸ್ 1924ರಿಂದ ನಡೆಯುತ್ತಿದೆ. ಪೂರ್ತಿ 24 ಗಂಟೆ ಕೂರಲು ನನಗೇನು ಹುಚ್ಚೇ? ಗೇಮ್‌ನಲ್ಲಿ ಗಡಿಯಾರದ ವೇಗ ಹೆಚ್ಚಿಸುವ ಅನುಕೂಲ ಇದೆ. 8 ಪಟ್ಟು ಇಟ್ಟರೆ ಮೂರು ಗಂಟೆಯಲ್ಲಿ ಒಂದು ಹಗಲು ಒಂದು ರಾತ್ರಿ ಪೂರ್ತಿ ಕಳೆಯುತ್ತದೆ. ಸಂಜೆ 4ಕ್ಕೆ ಶುರು, ಮರುದಿನ ಸಂಜೆ 4ಕ್ಕೆ ಮುಕ್ತಾಯ. ಟೈರ್ ಸವೆಯುವುದು, ಪೆಟ್ರೋಲ್ ಮುಗಿಯುವುದು ಮಾತ್ರ ನಿಜವಾದ ಗಡಿಯಾರದ ಪ್ರಕಾರ. ಹವಾಮಾನ ಬದಲಾಗುವ ಹಾಗೆ ಇಟ್ಟೆ. ಎದುರಾಳಿಗಳು 24. ಅವರ ಚಾಲಾಕಿತನವನ್ನು 80ರಿಂದ 100ರ ನಡುವೆ ಎಲ್ಲಿ ಬೇಕಾದರೂ ಇಡಬಹುದು. ಮಗ ಹಿಂದಿನಿಂದ ಬಂದು ನೋಡಿ, "ಅಪ್ಪಾ, ನಿಂಗೆ ತೊಂಬತ್ತು ಸಾಕು" ಅಂದ. ಅವಮಾನ ಆಯಿತು. 92 ಇಟ್ಟೆ. ಅವರ ಮುನ್ನುಗ್ಗುವ ಬುದ್ಧಿಗೆ ಬೇರೆ ಇನ್ನೊಂದು ಅಳತೆ ಇದೆ, ಅದನ್ನು 50ರಲ್ಲಿ ಬಿಟ್ಟೆ.

ಗಾಡಿ ಬೆಂಟ್ಲಿ ಕಾಂಟಿನೆಂಟಲ್, 2018ರ ಮಾಡೆಲ್. ಮಗನಿಗೆ ಫೆರಾರಿ ಇಷ್ಟ. ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು, ನಾನು ಹತ್ತನೇ ಕ್ಲಾಸಿನ ರಜೆಯಲ್ಲಿ ಅವರ ಜೊತೆ ಕ್ಲೀನರ್ ಆಗಿ ಬಾಂಬೆವರೆಗೂ ಹೋಗಿ ಬಂದವನು. ಮುಂದೆ ಅಷ್ಟುದ್ದ ಬಾನೆಟ್ ಕಂಡರೇನೇ ನನಗೆ ಧೈರ್ಯ.

ಮೊದಲ ತಿರುವು ಲಾ ಸೋರ್ಸ್. ನಮ್ಮೂರಿನ ಹಳೇ ಬಸ್ ಸ್ಟ್ಯಾಂಡ್ ತಿರುವಿನಷ್ಟು ಕಿರಿದು, ಅದರೊಳಗೆ ಒಟ್ಟಿಗೆ ಇಪ್ಪತ್ತೈದು ಗಾಡಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಡ್ರೈವರುಗಳು ಗುಂಪಿನಲ್ಲಿದ್ದಾಗ ಬ್ರೇಕ್ ಬೇಗ ಹಿಡಿಯುತ್ತಾರೆ. ನಾವು ನಮ್ಮ ಗುರುತಿಗೆ ಬ್ರೇಕ್ ಹಿಡಿದರೆ ಮುಂದಿನವನ ಡಿಕ್ಕಿಗೆ ಮುತ್ತು ಕೊಟ್ಟಹಾಗೇ ಲೆಕ್ಕ. ನಾನು ಮೊದಲ ಮೂರು ಪ್ರಯತ್ನದಲ್ಲಿ ಅಲ್ಲೇ ಗುದ್ದಿ ರೇಸ್ ಬಿಟ್ಟಿದ್ದೆ. ತಪ್ಪು ನನ್ನದೇ, ಟ್ರಾಫಿಕ್‌ನಲ್ಲಿ ಅಂತರ ಬಿಡಬೇಕು ಅಂತ ದಿನಾ ಗಿರಾಕಿಗಳಿಗೆ ಹೇಳುವವನು ನಾನೇ ಅಲ್ವಾ. ನಾಲ್ಕನೇ ಸಲ ಸುಮ್ನೆ ಹಿಂದೆ ಉಳಿದೆ. 21ನೇ ಸ್ಥಾನ.

ಲಾ ಸೋರ್ಸ್ ಆದಮೇಲೆ ಇಳಿಜಾರು, ಕೆಳಗೆ ಓ ರೂಜ್. ಅದು ಒಂದು ಹಳ್ಳದ ಹೆಸರು. ಕೆಂಪು ನೀರು ಅಂತ ಅರ್ಥ, ನೀರಿನಲ್ಲಿ ಕಬ್ಬಿಣದ ಅಂಶ ಇರುವುದಕ್ಕೆ. ಅಲ್ಲಿಂದ ಗೋಡೆ ಹತ್ತಿದ ಹಾಗೆ ರೇಡಿಯೋನ್ ಏರು. ಮೇಲೆ ಏನಿದೆ ಅಂತ ಕಾಣುವುದೇ ಇಲ್ಲ, ಬರೀ ಆಕಾಶ. ಟ್ರ್ಯಾಕನ್ನು ಲೇಸರಿನಲ್ಲಿ ಅಳೆದು ಮಾಡಿದ್ದಾರೆ, ಆದ್ದರಿಂದ ಕೆಳಗಿನ ಗುಂಡಿಯಲ್ಲಿ ಗಾಡಿ ಒತ್ತಿಕೊಳ್ಳುವುದು ಸ್ಟೀರಿಂಗ್‌ನಲ್ಲಿ ಕೈಗೆ ಗೊತ್ತಾಗುತ್ತದೆ. ಒಂದು ಸುತ್ತು 7.004 ಕಿ.ಮೀ. ಕೊನೆಯ ತಿರುವಿನ ಹೆಸರು ಬಸ್ ಸ್ಟಾಪ್. ಮೊದಲು ಅದು ಸಾರ್ವಜನಿಕ ರಸ್ತೆಯಾಗಿದ್ದಾಗ ನಿಜಕ್ಕೂ ಅಲ್ಲಿ ಬಸ್ ನಿಲ್ಲುತ್ತಿತ್ತಂತೆ. ಇದು ಗೊತ್ತಾದ ಮೇಲೆ ಆ ತಿರುವಿನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಈಗ ಗಾಳಿ ವಿಷಯ. ಅಂಗಡಿಗೆ ಬರುವ ಕಾರಿಗೆ ನಾನು 32 ಪಿಎಸ್‌ಐ ಹೊಡೆದು ಕಳಿಸುತ್ತೇನೆ, ತಿಂಗಳು ಬಿಟ್ಟು ಬನ್ನಿ ಅಂತೀನಿ. ಇಲ್ಲಿ ಟೈರ್ ಬಿಸಿಯಾದ ಮೇಲೆ ನಾಲ್ಕರಲ್ಲೂ 26ರಿಂದ 27ರ ಒಳಗೆ ಇರಬೇಕು. ಆ ಒಂದು ಪಿಎಸ್‌ಐ ಅಂತರದಲ್ಲೇ ಎಲ್ಲ ಇರುವುದು. ಹೊರಗಿನ ಶಾಖ ಒಂದು ಡಿಗ್ರಿ ಇಳಿದರೆ ಸುಮಾರು 0.1 ಪಿಎಸ್‌ಐ ಇಳಿಯುತ್ತದೆ. ನಮ್ಮ ಕಸುಬಿನಲ್ಲಿ ಗೊತ್ತಿದ್ದದ್ದೇ, ಬಿಸಿ ಟೈರಿನಲ್ಲಿ ಗಾಳಿ ನೋಡಬಾರದು ಅಂತೀವಲ್ಲ. ಆದರೆ ಒಂದು ಗೇಮ್ ಇಷ್ಟು ಸೂಕ್ಷ್ಮವಾಗಿ ಅದನ್ನು ಹಿಡಿದಿದೆ ಅಂತ ನಾನು ಅಂದುಕೊಂಡಿರಲಿಲ್ಲ. ಸೆಟಪ್ ಪುಟದಲ್ಲಿ ಕ್ಯಾಂಬರ್, ಟೋ ಎಲ್ಲ ಇದೆ, ಅಂದರೆ ಚಕ್ರ ಎಷ್ಟು ವಾಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನುವ ಅಳತೆಗಳು. ನನ್ನ ಅಲೈನ್‌ಮೆಂಟ್ ಮೆಷಿನ್ನಿನ ಸ್ಕ್ರೀನೇ ಮನೆಗೆ ಬಂದ ಹಾಗಾಯಿತು.

ನಲವತ್ತೈದು ನಿಮಿಷಕ್ಕೆ ಕತ್ತಲಾಯಿತು. ಆರ್ಡೆನ್ಸ್ ಕಾಡಿನ ಕತ್ತಲು. ಬ್ಲಾಂಶಿಮೋನ್ ತಿರುವಿನ ಹತ್ತಿರ ನಮ್ಮ ಹೆಡ್‌ಲೈಟಿನ ಅಳತೆಯಷ್ಟೇ ಪ್ರಪಂಚ. ಗಾಡಿ ಮುಂಭಾಗ ಎಳೆಯುವುದನ್ನು ಬಿಟ್ಟು ಜಾರಲು ಶುರುವಾಯಿತು. ಒಂದು ಸುತ್ತಿಗೆ ಒಂದು ಸೆಕೆಂಡ್ ನಷ್ಟ. ನಾನೇ ಸುಸ್ತಾದೆನೇನೋ ಅಂದುಕೊಂಡೆ. ಆಮೇಲೆ ಟೈರ್ ಪುಟ ತೆಗೆದು ನೋಡಿದರೆ ಎಡ ಹಿಂಭಾಗ 25.6. ಉಳಿದವೂ ಅಷ್ಟೇ. ಅಪ್ಪ ಢಾಬಾದಲ್ಲಿ ನಿಲ್ಲಿಸಿದಾಗಲೆಲ್ಲ ಕಬ್ಬಿಣದ ರಾಡ್ ತಗೊಂಡು ಒಂದೊಂದೇ ಚಕ್ರಕ್ಕೆ ಬಡಿಯುತ್ತಿದ್ದರು. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗಿನ ಚಕ್ರದಲ್ಲಿ ಗಾಳಿ ಇಲ್ಲ. ರಾತ್ರಿ ಎರಡು ಗಂಟೆಗೂ ಬಿಡುತ್ತಿರಲಿಲ್ಲ. ಇಲ್ಲಿ ರಾಡ್ ಇಲ್ಲ, ಒಂದು ಬಟನ್ ಇದೆ. ನಾನು ಅದನ್ನು ಒತ್ತುವುದನ್ನೇ ಮರೆತಿದ್ದೆ.

ಐವತ್ತೈದನೇ ನಿಮಿಷಕ್ಕೆ ಪಿಟ್, ಅಂದರೆ ಪೆಟ್ರೋಲ್, ಟೈರಿಗೆ ನಿಲ್ಲುವ ಜಾಗ. ಪೆಟ್ರೋಲ್ ಎಷ್ಟು ಲೀಟರ್, ಯಾವ ಟೈರ್, ಯಾವ ಚಕ್ರಕ್ಕೆ ಎಷ್ಟು ಗಾಳಿ, ಎಲ್ಲವನ್ನೂ ಓಡಿಸುತ್ತಲೇ ಬಟನ್‌ನಲ್ಲಿ ತುಂಬಬೇಕು. ನಾಲ್ಕಕ್ಕೂ 0.8 ಏರಿಸಿದೆ. ನಾಲ್ಕು ಟೈರ್ ಬದಲಿಸಲು 30 ಸೆಕೆಂಡ್. ನಮ್ಮ ಹುಡುಗರಿಗೆ ಇದನ್ನು ತೋರಿಸಬೇಕು ಅಂತಿದ್ದೇನೆ, ಒಂದು ಟೈರಿಗೆ ಒಂದು ಟೀ ಕುಡಿಯುತ್ತಾರೆ ಅವರು.

ಹೊರಗೆ ಬಂದೆ, ಗಾಡಿ ಮತ್ತೆ ಮಾತು ಕೇಳಿತು. ಆ ರಾತ್ರಿಯ ಒಂದು ಗಂಟೆಗೆ ಈ ಗೇಮ್‌ನ ಪೂರ್ತಿ ದುಡ್ಡು ಕೊಡಬಹುದು. ಮುಂದೆ ಒಂದು ಹಳದಿ ಲ್ಯಾಂಬೋರ್ಗಿನಿ. ಕೆಮ್ಮೆಲ್ ನೇರ ರಸ್ತೆಯಲ್ಲಿ ನಾನು ಅದರ ಹಿಂದೆ ಅಂಟಿಕೊಳ್ಳುತ್ತೇನೆ, ಲೆ ಕೋಂಬ್ ತಿರುವಿಗೆ ಪಕ್ಕಕ್ಕೆ ಬರುತ್ತೇನೆ, ಅವನು ಒಳಗಿನ ಜಾಗ ಬಿಡುವುದಿಲ್ಲ. ಮತ್ತೆ ಪೂಹೋನ್ ಎಂಬ ದೊಡ್ಡ ಎಡ ತಿರುವಿನಲ್ಲಿ ಅವನು ಸರಸರ ಹೋಗಿಬಿಡುತ್ತಾನೆ. ಹೀಗೇ ಹನ್ನೊಂದು ಸುತ್ತು. ಹನ್ನೆರಡನೆಯದರಲ್ಲಿ ಬಸ್ ಸ್ಟಾಪ್‌ನಲ್ಲಿ ಅವನು ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಸ್ವಲ್ಪ ಹಾರಿದ, ನಾನು ನುಗ್ಗಿದೆ. ಗುದ್ದಲಿಲ್ಲ. ಪಕ್ಕದಲ್ಲಿ ನಾನಿದ್ದೇನೆ ಅಂತ ಗೊತ್ತಾಗಿ ಒಂದು ಗಾಡಿ ಅಗಲ ಬಿಟ್ಟ. ಯಾರೂ ಇಲ್ಲದ ರೂಮಿನಲ್ಲಿ ಕೈ ಎತ್ತಿ "ಥ್ಯಾಂಕ್ಸ್ ಗುರು" ಅಂದೆ.

ಈ ಕಂಪ್ಯೂಟರ್ ಡ್ರೈವರುಗಳ ಬಗ್ಗೆ ನನ್ನ ತಕರಾರು ಒಂದೇ. ಇವರಿಗೆ ನಿದ್ದೆ ಬರುವುದಿಲ್ಲ. ನಿಜವಾದ ರಾತ್ರಿ ರಸ್ತೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದುರಿನ ಲಾರಿ ಹೇಗೆ ಬರುತ್ತಿದೆ ನೋಡಿದರೆ ಡ್ರೈವರಿನ ಕಣ್ಣು ಎಷ್ಟು ತೆರೆದಿದೆ ಅಂತ ಅಪ್ಪ ಹೇಳುತ್ತಿದ್ದರು. ಇವರು ಮೊದಲ ಸುತ್ತಿನಲ್ಲಿ ಎಷ್ಟೋ ನೂರನೇ ನಿಮಿಷದಲ್ಲೂ ಅಷ್ಟೇ. ಆಗೊಮ್ಮೆ ಈಗೊಮ್ಮೆ ತಪ್ಪು ಮಾಡುತ್ತಾರೆ, ಆದರೆ ದಣಿದು ಮಾಡುವ ತಪ್ಪಲ್ಲ. ಹಾಗಾಗಿ ಎರಡನೇ ಗಂಟೆಯಲ್ಲಿ ನೀವು ಸ್ಥಾನ ಕಳೆದುಕೊಂಡರೆ ಅವರು ಜೋರಾದರು ಅಂತಲ್ಲ, ನೀವು ಇಳಿದಿರಿ ಅಂತ. ನನಗೆ ಅದೇ ಇಷ್ಟವಾಯಿತು ಅನ್ನಿ. ತಕ್ಕಡಿಯಲ್ಲಿ ಎದುರಿನ ಕಲ್ಲು ಬದಲಾಗದಿದ್ದರೆ ತಾನೇ ನಮ್ಮ ತೂಕ ಗೊತ್ತಾಗುವುದು.

ಎರಡನೇ ಪಿಟ್ ಹೊತ್ತಿಗೆ ಬೆಳಕಾಗಿತ್ತು, ನಾನು 12ನೇ ಸ್ಥಾನದಲ್ಲಿದ್ದೆ. ಖುಷಿಯಲ್ಲಿ ದೊಡ್ಡ ತಪ್ಪು ಮಾಡಿದೆ. ರಾತ್ರಿಗೆ ಏರಿಸಿದ್ದ ಗಾಳಿಯನ್ನು ಇಳಿಸಲೇ ಇಲ್ಲ. ಬಿಸಿಲು ಏರಿತು, ಹತ್ತು ಸುತ್ತಿನಲ್ಲಿ 27.7. ಗಾಡಿ ಮಂಜುಗಡ್ಡೆ ಮೇಲೆ ಹೋದ ಹಾಗೆ. ಇಪ್ಪತ್ತು ವರ್ಷದಿಂದ ಟೈರ್ ಅಂಗಡಿ ಇಟ್ಟವನು! ಲ್ಯಾಂಬೋರ್ಗಿನಿಯವನು ಆರಾಮವಾಗಿ ವಾಪಸ್ ದಾಟಿಕೊಂಡು ಹೋದ. ಅದೇ ಹೊತ್ತಿಗೆ ಅಡುಗೆಮನೆಯಿಂದ, "ರೀ, ಊಟ ಆರ್ತಿದೆ." ಎಸ್ಕೇಪ್. ರೊಟ್ಟಿ, ಎಣ್ಣೆಗಾಯಿ. ಹೊಟ್ಟೆ ತುಂಬಿದ ಮೇಲೆ ಓಡಿಸಬಾರದು ಅನ್ನುವುದು ಇನ್ನೊಂದು ಪಾಠ.

ಕೊನೆಯ ನಲವತ್ತು ನಿಮಿಷ ಇರುವಾಗ ಮಳೆ. ಮೊದಲು ಗಾಜಿನ ಮೇಲೆ ನಾಲ್ಕು ಹನಿ, ಆಮೇಲೆ ರಸ್ತೆ ಬಣ್ಣ ಕಪ್ಪಾಯಿತು. ಸ್ಲಿಕ್ ಟೈರಿನಲ್ಲಿ ಗೀರು ಇರಲ್ಲ, ಬೋಳು ಟೈರ್ ಅದು. ಬೋಳು ಟೈರಿನಲ್ಲಿ ಮಳೆಗಾಲ ಓಡಿಸಬೇಡಿ ಅಂತ ಬೋರ್ಡೇ ಹಾಕಿದ್ದೇನೆ ನಾನು. ಎದುರಾಳಿಗಳು ಸಾಲಾಗಿ ಪಿಟ್‌ಗೆ ಹೋದರು. ನಾನು ಒಂದು ಸುತ್ತು ತಡೆದರೆ ಐದಾರು ಸ್ಥಾನ ಸಿಗುತ್ತದೆ ಅಂತ ದುರಾಸೆಪಟ್ಟೆ. ಪೂಹೋನ್‌ನಲ್ಲಿ ಬೆಂಟ್ಲಿ ನೇರ ಹೊರಟಿತು. ಸ್ಟೀರಿಂಗ್ ತಿರುಗಿಸಿದರೆ ಕೈಗೆ ಏನೂ ಹತ್ತುತ್ತಿಲ್ಲ. ಎರಡು ಸಲ ಗಿರಕಿ, ಆಮೇಲೆ ಜಲ್ಲಿ. ನಿಧಾನಕ್ಕೆ ಹೊರಬಂದು ಮಳೆಗೆ ಅಂತ ಇರುವ ವೆಟ್ ಟೈರ್ ಹಾಕಿಸಿಕೊಂಡೆ. ಅವಕ್ಕೆ ಲೆಕ್ಕ ಬೇರೆ, ಗಾಳಿ 30ರ ಹತ್ತಿರ ಬೇಕು. ಅದನ್ನಂತೂ ಸರಿಯಾಗಿ ಇಟ್ಟಿದ್ದೆ. ಒಟ್ಟು 70 ಸುತ್ತು, 490 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು. 14ನೇ ಸ್ಥಾನ.

ಬೇಜಾರಿನ ಸಂಗತಿಯೂ ಒಂದಿದೆ, ಆದರೆ ಅದು ಗೇಮ್‌ದಲ್ಲ. ಯಾವುದೋ ಕಂಪನಿಯ ಸ್ಟೀರಿಂಗ್ ಸೆಟ್ ತರಿಸಿದ್ದೆ. ಮೇಜಿಗೆ ಕಚ್ಚಿಸುವ ಕ್ಲಾಂಪ್ ಪ್ಲಾಸ್ಟಿಕ್‌ನದು. ಎರಡನೇ ಗಂಟೆಯಲ್ಲಿ ಸಡಿಲವಾಗಿ ಪ್ರತೀ ಬಲ ತಿರುವಿಗೂ ಸ್ಟೀರಿಂಗ್ ಒಂದು ಬೆರಳು ಮೇಲೇಳುತ್ತಿತ್ತು. ಹಳೇ ಟ್ಯೂಬ್ ಕತ್ತರಿಸಿ ನಡುವೆ ಸಿಕ್ಕಿಸಿ ರೇಸ್ ಮುಗಿಸಿದೆ. ದೂರು ಕೊಟ್ಟರೆ, ಫೋಟೋ ಕಳಿಸಿ ಅಂದವರು ಮತ್ತೆ ಮಾತಾಡಿಲ್ಲ.

ಗೇಮ್ ತಗೊಳ್ಳುವವರಿಗೆ ಎರಡು ಮಾತು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬರುವವರೆಗೆ ಕಾಯಿರಿ. ಸ್ಪಾ, ಮೋನ್ಜಾ, ಸಿಲ್ವರ್‌ಸ್ಟೋನ್ ಟ್ರ್ಯಾಕ್‌ಗಳು ಮೂಲ ಗೇಮ್‌ನಲ್ಲೇ ಇವೆ. ಬಾಥರ್ಸ್ಟ್, ಸುಜುಕಾ ಬೇಕಿದ್ದರೆ ಪ್ಯಾಕ್‌ಗೆ ಬೇರೆ ದುಡ್ಡು. 2024ರಲ್ಲಿ ಬಂದ ನೂರ್ಬರ್ಗ್‌ರಿಂಗ್ ಪ್ಯಾಕ್‌ನಲ್ಲಿ ಒಂದು ಸುತ್ತೇ 25 ಕಿ.ಮೀ. ದಾಟುತ್ತದೆ, ಅದನ್ನು ಮೊದಲೇ ಮುಟ್ಟಬೇಡಿ. ಎದುರಾಳಿಗಳನ್ನು 85ರಿಂದ ಶುರು ಮಾಡಿ, ಮಕ್ಕಳು ಏನಾದರೂ ಅನ್ನಲಿ. ಮೊದಲ ದಿನ ಮೂರು ಗಂಟೆ ಇಡಬೇಡಿ, ಒಂದು ಗಂಟೆಗೆ 24 ಪಟ್ಟು ಇಟ್ಟರೂ ಒಂದು ರಾತ್ರಿ ಸಿಗುತ್ತದೆ. ಓಡಿಸಿ ಖುಷಿಪಡುವವರಿಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಗೆದ್ದೇ ತೀರಬೇಕು ಅನ್ನುವವರಿಗೆ ಆರು.

ಈ ಭಾನುವಾರ ಬಾಥರ್ಸ್ಟ್ ಆಡೋಣ, ಅರ್ಧ ನಾನು ಓಡಿಸ್ತೀನಿ ಅಂತ ಮಗ ಕೂತಿದ್ದಾನೆ. ಗಾಳಿ ನೋಡುವುದು ನನ್ನ ಕೆಲಸವಂತೆ. ಅದಕ್ಕೆ ಮೊದಲು ಮೇಜಿಗೆ ಎರಡು ತೂತು ಕೊರೆದು ಹತ್ತು ಎಂಎಂ ಬೋಲ್ಟ್ ಹಾಕಬೇಕು. ಡ್ರಿಲ್ ಅಂಗಡಿಯಿಂದ ತಂದಿದ್ದೇನೆ, ಮೇಜು ಮನೆಯವಳ ತವರಿನದು.