ಸೆಕೆಂಡ್ ಹ್ಯಾಂಡ್ 1.5 ಡಿಸಿಐ ಡೀಸೆಲ್ ಕಾರಿಗೆ ಟೈಮಿಂಗ್ ಬೆಲ್ಟ್ ಕಿಟ್: ದೀರ್ಘ ಬಳಕೆಯ ವಿಮರ್ಶೆ

ರೆನೋ 1.5 ಡಿಸಿಐ ಡೀಸೆಲ್ ಎಂಜಿನ್ನಿನ ಕೋಡ್ ಕೆ9ಕೆ. ಡಸ್ಟರ್, ಲೋಗನ್, ಕ್ಲಿಯೊ, ನಿಸ್ಸಾನ್ ಮೈಕ್ರಾ ಹೀಗೆ ಹತ್ತಾರು ಕಾರುಗಳಲ್ಲಿ ಇದೇ ಎಂಜಿನ್ ಕೂತಿದೆ. 1461 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಮೇಲೆ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್, ಒಂದೇ. ಡೀಸೆಲ್ ಕಡಿಮೆ ಕುಡಿಯುತ್ತದೆ, ಹೆದ್ದಾರಿಯಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ತಾಳ ತಪ್ಪದಂತೆ ಹೊಂದಿಸಲು ಇದರಲ್ಲಿ ಚೈನ್ ಇಲ್ಲ, ಟೈಮಿಂಗ್ ಬೆಲ್ಟ್ ಇದೆ. ಕಾರು ಎರಡನೆಯ ಅಥವಾ ಮೂರನೆಯ ಕೈಗೆ ಬರುವ ಹೊತ್ತಿಗೆ ಆ ಬೆಲ್ಟಿನ ವಯಸ್ಸು ಎಷ್ಟು ಅನ್ನುವುದು ಬಹಳ ಸಲ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ವಿಮರ್ಶೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಸೇರಿದ ಪೂರ್ತಿ ಕಿಟ್ ಬಗ್ಗೆ. ಬರೀ ಬೆಲ್ಟ್ ಹಾಕಿಸುವುದು ಅರ್ಧ ಕೆಲಸ.

ಬೆಲ್ಟು ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಹೊರಟು ಕ್ಯಾಮ್, ಹೈ ಪ್ರೆಷರ್ ಡೀಸೆಲ್ ಪಂಪ್, ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತದೆ. ನಡುವೆ ಬಿಗಿ ಹಿಡಿಯಲು ಒಂದು ಟೆನ್ಷನರ್. ಹೆಚ್ಚಿನ ಆವೃತ್ತಿಗಳಲ್ಲಿ ಬೆಲ್ಟಿಗೆ 123 ಹಲ್ಲು, 27 ಮಿ.ಮೀ. ಅಗಲ. ಒಳಗೆ ಗಾಜಿನ ನಾರಿನ ಹುರಿ, ಮೇಲೆ ಶಾಖ ತಡೆಯುವ ರಬ್ಬರು, ಹಲ್ಲಿನ ಮುಖಕ್ಕೆ ನೈಲಾನ್ ಬಟ್ಟೆ. ಗಾಜಿನ ನಾರು ಎಳೆತಕ್ಕೆ ಗಟ್ಟಿ, ಮಡಚಿದರೆ ಮುರಿಯುತ್ತದೆ. ಹೊಸ ಬೆಲ್ಟನ್ನು ಪೊಟ್ಟಣದಿಂದ ತೆಗೆದು ಬೆರಳಲ್ಲಿ ಮಡಚಿ, ತಿರುಚಿ "ಕ್ವಾಲಿಟಿ" ನೋಡುವವರಿದ್ದಾರೆ. ಹಾಗೆ ನೋಡಿದ ಬೆಲ್ಟನ್ನು ಎಂಜಿನ್ನಿಗೆ ಹಾಕಬೇಡಿ. ಹುರಿ ಒಳಗೇ ಮುರಿದಿದ್ದರೂ ಹೊರಗಡೆ ಏನೂ ಕಾಣುವುದಿಲ್ಲ.

ಇನ್ನು ಆಯಸ್ಸು. ಮ್ಯಾನ್ಯುಯಲ್ಲಿನಲ್ಲಿ ಕಿ.ಮೀ. ಒಂದು, ವರ್ಷ ಒಂದು ಕೊಟ್ಟಿರುತ್ತಾರೆ, ಯಾವುದು ಮೊದಲು ಬಂದರೆ ಅದೇ ಲೆಕ್ಕ. ಜನ ಕಿ.ಮೀ. ಮಾತ್ರ ನೋಡುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ 2000 ಆರ್‌ಪಿಎಂ (ನಿಮಿಷಕ್ಕೆ 2000 ಸುತ್ತು) ಇದ್ದರೆ ಒಂದು ಕಿ.ಮೀ.ಗೆ ಕ್ರ್ಯಾಂಕ್ 2000 ಸುತ್ತು ಹಾಕುತ್ತದೆ. ಅದೇ ಕಾರು ಟ್ರಾಫಿಕ್ಕಿನಲ್ಲಿ ಒಂದು ಗಂಟೆ 800 ಆರ್‌ಪಿಎಂನಲ್ಲಿ ನಿಂತಿದ್ದರೆ 48,000 ಸುತ್ತು ಮುಗಿದಿರುತ್ತದೆ. ಅಂದರೆ 24 ಕಿ.ಮೀ. ಓಡಿದಷ್ಟು ಸವೆತ, ಮೀಟರಿನಲ್ಲಿ ಸೊನ್ನೆ. ರಬ್ಬರು ಸುಮ್ಮನೆ ನಿಂತರೂ ಗಟ್ಟಿಯಾಗುತ್ತದೆ. ಹಾಗಾಗಿ ಹತ್ತು ವರ್ಷದ ಕಾರು 40 ಸಾವಿರ ಕಿ.ಮೀ. ಮಾತ್ರ ಓಡಿದೆ ಅಂತ ಖುಷಿಪಡುವ ಹಾಗಿಲ್ಲ, ಬೆಲ್ಟಿಗೂ ಹತ್ತು ವರ್ಷ. ಮೀಟರನ್ನೇ ಹಿಂದಕ್ಕೆ ತಿರುಗಿಸಿದ್ದರಂತೂ ಕೇಳುವುದೇ ಬೇಡ. ಬಿಲ್ಲು ಕೈಯಲ್ಲಿಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು, ಕಾರು ಮನೆಗೆ ಬಂದ ಮೇಲೆ ಮಾಡಿಸುವ ಮೊದಲ ಕೆಲಸ ಇದನ್ನೇ ಇಟ್ಟುಕೊಳ್ಳಿ. ಆಮೇಲೆ ಮ್ಯಾನ್ಯುಯಲ್ ಎಷ್ಟೇ ಹೇಳಲಿ, ನಗರದಲ್ಲೇ ಓಡುವ ಕಾರಿಗೆ 80 ಸಾವಿರ ಕಿ.ಮೀ. ಅಥವಾ 5 ವರ್ಷ ದಾಟಿಸುವುದು ನನಗೆ ಒಪ್ಪಿಗೆಯಿಲ್ಲ.

"ಮುಚ್ಚಳ ತೆಗೆದು ನೋಡಿದೆವು, ಬೆಲ್ಟ್ ಚೆನ್ನಾಗಿದೆ" ಅನ್ನುವ ಮಾತನ್ನೂ ನಂಬಬೇಡಿ. ಹಳೆಯ ಕಾಲದ ರಬ್ಬರು ಸವೆದಾಗ ಬಿರುಕು ತೋರಿಸುತ್ತಿತ್ತು. ಈಗಿನ ಬೆಲ್ಟ್ ಕೊನೆಯ ದಿನದವರೆಗೂ ಬೆನ್ನು ನಯವಾಗಿಟ್ಟುಕೊಂಡು, ಹಲ್ಲಿನ ಬುಡದಲ್ಲಿ ಸಡಿಲಾಗಿರಬಹುದು. ನೋಡಿ ತಿಳಿಯುವುದು ಕೆಟ್ಟಿದೆ ಅಂತ ಮಾತ್ರ. ಅಂಚು ನೂಲು ಬಿಟ್ಟಿದ್ದರೆ, ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ.

ಬೆಲ್ಟ್ ತಾನಾಗಿ ಸವೆದು ಹರಿಯುವುದಕ್ಕಿಂತ ಪಕ್ಕದವರ ತಪ್ಪಿಗೆ ಸಾಯುವುದು ಹೆಚ್ಚು. ಟೆನ್ಷನರ್ ಬೇರಿಂಗಿನ ಗ್ರೀಸ್ ಒಣಗಿ ಅದು ಹಿಡಿದುಕೊಂಡರೆ, ಬೆಲ್ಟು ನಿಂತ ಗಾಲಿಯ ಮೇಲೆ ಉಜ್ಜಿ ಕರಗುತ್ತದೆ. ವಾಟರ್ ಪಂಪಿನ ಬೇರಿಂಗ್ ಅಲುಗಾಡಲು ಶುರುವಾದರೆ ಗಾಲಿ ವಾಲಿ, ಬೆಲ್ಟು ಒಂದು ಬದಿಗೆ ಸರಿದು ಅಂಚು ಕೊರೆಯುತ್ತದೆ. ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲಿನಿಂದ ಜಿನುಗುವ ಆಯಿಲ್ ರಬ್ಬರನ್ನು ಉಬ್ಬಿಸುತ್ತದೆ. ಡೀಸೆಲ್ ಫಿಲ್ಟರ್ ಬದಲಿಸುವಾಗ ಚೆಲ್ಲಿದ ಡೀಸೆಲ್ಲೂ ಅಷ್ಟೇ, ಕೆಳಗಿಳಿದು ಬೆಲ್ಟಿಗೆ ತಾಗಬಾರದು.

ಈ ಎಂಜಿನ್ನಿನಲ್ಲಿ ಇನ್ನೊಂದು ಶತ್ರು ಇದೆ, ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಆಲ್ಟರ್ನೇಟರ್, ಏಸಿ ತಿರುಗಿಸುವ ಹೊರಗಿನ ಬೆಲ್ಟ್, ಅಂದರೆ ಗ್ಯಾರೇಜಿನ ಮಾತಿನಲ್ಲಿ ಫ್ಯಾನ್ ಬೆಲ್ಟ್. ಅದು ಅಂಚಿನಲ್ಲಿ ಎಳೆ ಬಿಟ್ಟರೆ ಆ ನೂಲು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡು, ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸಂದಿಯಿಂದ ಒಳಗೆ ನುಗ್ಗಿ, ಟೈಮಿಂಗ್ ಬೆಲ್ಟಿನ ಹಲ್ಲಿಗೂ ಕ್ರ್ಯಾಂಕ್ ಗಾಲಿಗೂ ನಡುವೆ ಸೇರುತ್ತದೆ. ಹಲ್ಲು ಹಾರುತ್ತದೆ, ಎಂಜಿನ್ ಮುಗಿಯುತ್ತದೆ. ಹೊಸ ಟೈಮಿಂಗ್ ಬೆಲ್ಟ್ ಹಾಕಿಸಿ ಹಳೆಯ ಫ್ಯಾನ್ ಬೆಲ್ಟನ್ನೇ ಮತ್ತೆ ಏರಿಸಿದರೆ ಹಣ ಉಳಿದಂತಲ್ಲ. ಕೆಳಗಿನ ಮುಚ್ಚಳ ಒಡೆದಿದ್ದರೆ, ಬೋಲ್ಟ್ ಕಾಣೆಯಾಗಿದ್ದರೆ ಅದನ್ನೂ ಸರಿಮಾಡಿಸಿ.

ಬೆಲ್ಟ್ ಹೋದರೆ ಆಗುವುದೇನು? ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಅದಕ್ಕೂ ನಡುವೆ ಉಳಿಯುವ ಜಾಗ ತೀರ ಸಣ್ಣದು. ಕ್ಯಾಮ್ ನಿಂತು ಕ್ರ್ಯಾಂಕ್ ತಿರುಗುತ್ತಲೇ ಇದ್ದರೆ, ತೆರೆದ ವಾಲ್ವಿಗೆ ಪಿಸ್ಟನ್ ನೇರವಾಗಿ ಬಡಿಯುತ್ತದೆ. ಕೆಲವು ಡೀಸೆಲ್‌ಗಳಲ್ಲಿ ಕ್ಯಾಮಿಗೂ ವಾಲ್ವಿಗೂ ನಡುವೆ ಇರುವ ರಾಕರ್ ಎಂಬ ತೋಳು ಮುರಿದು ಸ್ವಲ್ಪ ಹೊಡೆತ ತಾನೇ ತಿನ್ನುತ್ತದೆ. ಕೆ9ಕೆಯಲ್ಲಿ ಕ್ಯಾಮ್ ನೇರವಾಗಿ ವಾಲ್ವನ್ನು ಒತ್ತುವ ಬಟ್ಟಲಿನಂಥ ಟ್ಯಾಪೆಟ್ ಮೇಲೆ ಕೂರುತ್ತದೆ, ಹೊಡೆತ ತಿನ್ನಲು ನಡುವೆ ಯಾರೂ ಇಲ್ಲ. ವಾಲ್ವ್ ಬಾಗುತ್ತದೆ, ವಾಲ್ವ್ ಜಾರುವ ಗೈಡ್ ಎಂಬ ಕೊಳವೆ ಸೀಳುತ್ತದೆ, ಒಮ್ಮೊಮ್ಮೆ ಕ್ಯಾಮೇ ತುಂಡಾಗುತ್ತದೆ. ಹಳೆ ಕಾರಿಗೆ ಇದು ಮೂಗಿಗಿಂತ ಮೂಗುತಿ ಭಾರ.

ಓಡುತ್ತಿದ್ದ ಕಾರು ದಿಢೀರನೆ ಬಂದ್ ಆಗಿ, ಕೀ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಹಗುರಾಗಿ, ಏರಿಳಿತವಿಲ್ಲದೆ ಒಂದೇ ಸಮನೆ "ಝೂಂ" ಅಂತ ತಿರುಗಿದರೆ ಮತ್ತೊಮ್ಮೆ ತಿರುಗಿಸಬೇಡಿ. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಇಲ್ಲದ ಎಂಜಿನ್ನಿನ ಸದ್ದು ಅದು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಕೂಡದು. ಮೇಲಿನ ಮುಚ್ಚಳ ಬಿಚ್ಚಿ ಬೆಲ್ಟ್ ನೋಡಿ, ಟೋ ಮಾಡಿಸಿ.

ಹರಿದ ಮೇಲೆ "ಹೊಸ ಬೆಲ್ಟ್ ಹಾಕಿ ನೋಡೋಣ" ಅನ್ನುವ ಮೊದಲು ಮಾಡಬಹುದಾದ ಒಂದು ಪರೀಕ್ಷೆಗೆ ಹೆಡ್ ಬಿಚ್ಚಬೇಕಿಲ್ಲ, ವಾಲ್ವ್ ಕವರ್ ತೆಗೆದರೆ ಸಾಕು. ಬೆಲ್ಟ್ ಇಲ್ಲದಿರುವಾಗ ಪಿಸ್ಟನ್‌ಗಳು ನಾಲ್ಕೂ ಅರ್ಧಕ್ಕೆ ಇಳಿಯುವ ಹಾಗೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿಟ್ಟು, ಕ್ಯಾಮ್ ಮಾತ್ರ ತಿರುಗಿಸುತ್ತಾ, ಪ್ರತಿ ವಾಲ್ವಿನ ಕ್ಯಾಮ್ ಮೂತಿ ಮೇಲೆ ಬಂದಾಗ ಅದಕ್ಕೂ ಟ್ಯಾಪೆಟ್ಟಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಅಳೆಯಿರಿ. ಸರಿಯಿದ್ದರೆ ಇನ್‌ಟೇಕ್ ಸುಮಾರು 0.2 ಮಿ.ಮೀ., ಎಕ್ಸಾಸ್ಟ್ ಸುಮಾರು 0.4 ಮಿ.ಮೀ. ಬರುತ್ತದೆ. ಬಾಗಿದ ವಾಲ್ವ್ ತಾನು ಮುಚ್ಚಿ ಕೂರುವ ಸೀಟಿಗೆ ಪೂರ್ತಿ ವಾಪಸ್ ಏರುವುದಿಲ್ಲ, ಟ್ಯಾಪೆಟ್ಟೂ ಕೆಳಗೇ ಉಳಿಯುತ್ತದೆ. ಆಗ ಅದೊಂದರ ಸಂದಿ ಮಾತ್ರ ಎದ್ದು ಕಾಣುವಷ್ಟು ದೊಡ್ಡದು. ಒಂದು ವಾಲ್ವ್ ಹೀಗೆ ಸಿಕ್ಕರೂ ಹೆಡ್ ಇಳಿಸಲೇಬೇಕು. ಎಲ್ಲವೂ ಸರಿ ಬಂದರೂ ಬೆಲ್ಟ್ ಹಾಕಿ ಕಂಪ್ರೆಷನ್ ನೋಡಿದ ಮೇಲೆಯೇ ಸ್ಟಾರ್ಟ್.

ಬದಲಿಸುವ ಕೆಲಸಕ್ಕೆ ಬರೋಣ. ತರಬೇಕಾದ್ದು: ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮತ್ತು ಅದರ ಗ್ಯಾಸ್ಕೆಟ್, ಹೊಸ ಕ್ರ್ಯಾಂಕ್ ಪುಲ್ಲಿ ಬೋಲ್ಟ್, ಫ್ಯಾನ್ ಬೆಲ್ಟ್, ಮ್ಯಾನ್ಯುಯಲ್ ಹೇಳಿದ ಕೂಲಂಟ್ (ಎಂಜಿನ್ ತಣಿಸುವ ದ್ರವ). ಜಿನುಗುವ ಸೀಲ್ ಇದ್ದರೆ ಅದೂ ಇದೇ ಸಲ ಆಗಲಿ, ಬಿಚ್ಚುವ ಕೂಲಿ ಹೇಗೂ ಒಂದೇ. ಗೇಟ್ಸ್, ಕಾಂಟಿನೆಂಟಲ್, ಡೇಕೊ, ಎಸ್‌ಕೆಎಫ್ ಕಿಟ್‌ಗಳಲ್ಲಿ ಯಾವುದಾದರೂ ನಡೆಯುತ್ತದೆ. ಪೊಟ್ಟಣ ಅಸಲಿಯೇ ಅನ್ನುವುದು ಬ್ರ್ಯಾಂಡಿಗಿಂತ ಮುಖ್ಯ. ಬೆಲ್ಟಿನ ಬೆನ್ನ ಮೇಲಿನ ನಂಬರ್ ಬೆರಳಲ್ಲಿ ಉಜ್ಜಿದರೆ ಅಳಿಸಿಹೋಗುವ ಮಾಲನ್ನು ವಾಪಸ್ ಕೊಡಿ. ಹಳೆಯದರ ಜೊತೆ ಹಲ್ಲು ಎಣಿಸಿ, ಅಗಲ ಅಳೆದು ಆಮೇಲೆ ಹಾಕಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿ ಎಂಜಿನ್ನಿನಲ್ಲಿ ಇಟ್ಟ ಬಿಗಿ ಆರಿದ ಮೇಲೆ ತಪ್ಪಾಗುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದು, ಬಲಗಡೆಯ ಮುಂದಿನ ಚಕ್ರ, ಅದರ ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಬಲಗಡೆಯ ಎಂಜಿನ್ ಮೌಂಟ್ ತೆಗೆಯಬೇಕು. ಕ್ರ್ಯಾಂಕ್ ಬೋಲ್ಟ್ ಬಿಚ್ಚಲು ಐದನೇ ಗೇರ್ ಹಾಕಿ ಒಬ್ಬರು ಬ್ರೇಕ್ ಒತ್ತಿಕೊಂಡಿರಲಿ, ಇಲ್ಲವೇ ಫ್ಲೈವೀಲ್ ಹಿಡಿಯುವ ಸಾಧನ ಬಳಸಿ. ಲಾಕಿಂಗ್ ಪಿನ್ ಇರುವುದು ಕ್ಯಾಮ್, ಕ್ರ್ಯಾಂಕ್‌ಗಳ ಸರಿಯಾದ ಸ್ಥಾನ ತೋರಿಸಲು. ಅದರ ಮೇಲೆ ಇಡೀ ಭಾರ ಹಾಕಿ ಬೋಲ್ಟ್ ಬಿಚ್ಚಿದರೆ ಪಿನ್ನೂ ಬಾಗುತ್ತದೆ, ಟೈಮಿಂಗೂ ಹೋಗುತ್ತದೆ.

ಪಿನ್ ಎರಡು. ಬ್ಲಾಕಿನ ಒಂದು ಪ್ಲಗ್ ತೆಗೆದು ಅದೇ ತೂತಿಗೆ ತಿರುಪುವ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಸ್ಥಾನ) ಪಿನ್ ಒಂದು. ಕ್ಯಾಮ್ ಗಾಲಿಯ ತೂತಿನ ಮೂಲಕ ಹೆಡ್ಡಿಗೆ ಇಳಿಯುವ ಪಿನ್ ಇನ್ನೊಂದು. ಕ್ಯಾಮ್ ತೂತು ಸಾಲಿಗೆ ಬರುವ ಸ್ವಲ್ಪ ಮೊದಲು ನಿಲ್ಲಿಸಿ, ಟಿಡಿಸಿ ಪಿನ್ ಹಾಕಿ, ಕ್ರ್ಯಾಂಕ್ ಮೆಲ್ಲಗೆ ಹೋಗಿ ಪಿನ್ನಿಗೆ ತಾಗುವವರೆಗೆ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಆಗ ಕ್ಯಾಮ್ ಪಿನ್ ಸುತ್ತಿಗೆಯಿಲ್ಲದೆ ಇಳಿಯಬೇಕು. ಪಂಪಿನ ಗಾಲಿಯ ಗುರುತನ್ನೂ ಮರೆಯಬೇಡಿ. ಹಳೆ ಬೆಲ್ಟಿಗೆ ವೈಟ್ನರ್ ಬಳಿದು, ಹಲ್ಲೆಣಿಸಿ, ಪಿನ್ ಇಲ್ಲದೆ ಹೊಸದನ್ನು ಏರಿಸುವ ಗ್ಯಾರೇಜುಗಳಿವೆ. ಹಳೆಯ ಬೆಲ್ಟ್ ಈಗಾಗಲೇ ಒಂದು ಹಲ್ಲು ಹಾರಿದ್ದರೆ ಆ ತಪ್ಪು ಹಾಗೇ ಹೊಸದಕ್ಕೆ ನಕಲಾಗುತ್ತದೆ. ಪಿನ್ ಸೆಟ್ ಇದೆಯೇ ಅಂತ ಕೆಲಸ ಕೊಡುವ ಮೊದಲೇ ಕೇಳಿ.

ವಾಟರ್ ಪಂಪ್ ಬಿಚ್ಚಿದಾಗ ಬ್ಲಾಕಿನಲ್ಲಿ ಉಳಿದ ಕೂಲಂಟ್ ಧುಮುಕುತ್ತದೆ. ಅದು ಪೂರ್ತಿ ಇಳಿದು, ಜಾಗ ಒರೆಸಿ ಒಣಗಿದ ಮೇಲೆಯೇ ಹೊಸ ಬೆಲ್ಟ್ ಹತ್ತಿರ ತನ್ನಿ. ಟೆನ್ಷನರ್ ಹಿಂಬದಿಯ ಸಣ್ಣ ಕಿವಿ ಹೆಡ್ಡಿನ ತೋಡಿನಲ್ಲಿ ಕೂತಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಅದು ಕೂರದೆ ನಟ್ ಬಿಗಿದರೆ ಎಲ್ಲ ಸರಿಯಿರುವ ಹಾಗೇ ಕಾಣುತ್ತದೆ, ಆದರೆ ಬಿಗಿ ತಾನಾಗಿ ಹೊಂದಿಕೊಳ್ಳುವುದಿಲ್ಲ.

ಕ್ರ್ಯಾಂಕ್ ತುದಿ, ಹಲ್ಲುಗಾಲಿಯ ಒಳಮೈ, ಪುಲ್ಲಿ ಕೂರುವ ಮುಖ, ಮೂರರ ಜಿಡ್ಡನ್ನೂ ಕ್ಲೀನರ್ ಹಾಕಿ ಪೂರ್ತಿ ತೆಗೆಯಬೇಕು. ಇದು ರೆನೋದ ಕಟ್ಟುನಿಟ್ಟಿನ ಸೂಚನೆ. ಎಣ್ಣೆ ಉಳಿದರೆ ಬೋಲ್ಟ್ ಎಷ್ಟೇ ಬಿಗಿಯಿದ್ದರೂ ಗಾಲಿ ಕ್ರ್ಯಾಂಕಿನ ಮೇಲೆ ಜಾರಿ ಎಂಜಿನ್ ನಾಶವಾಗಬಹುದು. ಬೋಲ್ಟ್ ಎಂ14 (14 ಮಿ.ಮೀ. ದಪ್ಪ) ಆಗಿದ್ದರೆ 120 ನ್ಯೂಟನ್ ಮೀಟರ್, ಆಮೇಲೆ ಇನ್ನೂ 95 ಡಿಗ್ರಿ. ಎಂ12 ಆಗಿದ್ದರೆ ಬಿಗಿಯ ಲೆಕ್ಕವೇ ಬೇರೆ, ಎಂಜಿನ್ ನಂಬರ್ ಹಿಡಿದು ನೋಡಿ. ಕೋನದಲ್ಲಿ ಬಿಗಿಯುವ ಬೋಲ್ಟ್ ಎಳೆದುಕೊಂಡಿರುತ್ತದೆ, ಅದಕ್ಕೇ ಹಳೆಯದನ್ನು ಮತ್ತೆ ಹಾಕಬಾರದು. ಇಂಪ್ಯಾಕ್ಟ್ ಗನ್ನಿನಲ್ಲಿ "ಟರ್ರ್" ಅನಿಸಿ ಮುಗಿಸುವುದು ಬಿಗಿಯುವುದಲ್ಲ.

ಬೆಲ್ಟ್ ಏರಿಸಿ, ಟೆನ್ಷನರ್ ಸೂಚಿಯನ್ನು ಜಾಗಕ್ಕೆ ತಂದು, ಪಿನ್‌ಗಳನ್ನು ತೆಗೆದು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ. ಪಿನ್‌ಗಳು ಮತ್ತೆ ಸಲೀಸಾಗಿ ಇಳಿಯಬೇಕು. ಸೂಚಿ ಜಾಗ ಬಿಟ್ಟಿದ್ದರೆ ನಟ್ ಸ್ವಲ್ಪವೇ ಸಡಿಲಿಸಿ, ಅಲೆನ್ ಕೀಯಲ್ಲಿ ಟೆನ್ಷನರ್ ಹಿಡಿದುಕೊಂಡು ಸರಿಪಡಿಸಿ. ಕೊನೆಗೆ ಟಿಡಿಸಿ ಪಿನ್ ತೆಗೆದು ಪ್ಲಗ್ ವಾಪಸ್ ಹಾಕಿದ್ದು ಖಚಿತವಾಗಲಿ. ಪಿನ್ ಒಳಗೇ ಬಿಟ್ಟು ಸ್ಟಾರ್ಟ್ ಮಾಡಿದವರೂ ಇದ್ದಾರೆ!

ಬಳಕೆಯಲ್ಲಿ ಒಳ್ಳೆಯ ಕಿಟ್ ಸದ್ದೇ ಮಾಡುವುದಿಲ್ಲ. ಹೊಸದು ಹಾಕಿದ ಕೂಡಲೇ ಆರ್‌ಪಿಎಂ ಜೊತೆ ಏರುವ ಸಣ್ಣ ಸಿಳ್ಳೆಯಂಥ ಸದ್ದು ಬಂದರೆ ಬಿಗಿ ಹೆಚ್ಚಾಗಿದೆ. ತಣ್ಣನೆಯ ಸ್ಟಾರ್ಟಿನಲ್ಲಿ ಮುಚ್ಚಳಕ್ಕೆ ಬಡಿದ ಹಾಗೆ ಪಟಪಟ ಅಂದರೆ ಸಡಿಲ. ಮೈಲೇಜು, ಪಿಕಪ್ ಎರಡೂ ಮೊದಲಿನಂತೆಯೇ ಇರುತ್ತವೆ. ಬೆಲ್ಟ್ ಹಾಕಿದ ಮೇಲೆ ಪಿಕಪ್ ಹೆಚ್ಚಿತು ಅಂದರೆ ಹಳೆಯದು ಹಲ್ಲು ತಪ್ಪಿ ಕೂತಿತ್ತು ಎಂದು ಅರ್ಥ, ಕಡಿಮೆಯಾಯಿತು ಅಂದರೆ ಹೊಸದು ತಪ್ಪಿ ಕೂತಿದೆ. ಮೂರು ಭಾಗಗಳಲ್ಲಿ ಬೆಲ್ಟಿಗೆ ನನ್ನ ಪೂರ್ತಿ ಅಂಕ. ಟೆನ್ಷನರ್ ಪರವಾಗಿಲ್ಲ. ಅಗ್ಗದ ವಾಟರ್ ಪಂಪ್ ಮಾತ್ರ ಇಡೀ ಕಿಟ್ಟಿನ ದುರ್ಬಲ ಕೊಂಡಿ, ಬೆಲ್ಟಿನ ಆಯಸ್ಸಿನ ಅರ್ಧಕ್ಕೇ ಜಿನುಗಲು ಶುರುಮಾಡಬಹುದು. ಕೂಲಂಟ್ ಡಬ್ಬಿಯ ಮಟ್ಟ ತಿಂಗಳಿಗೊಮ್ಮೆ ನೋಡುತ್ತಿರಿ. ಕಾರಣವಿಲ್ಲದೆ ಇಳಿಯುತ್ತಿದ್ದರೆ ಬಲಚಕ್ರದ ಒಳಬದಿಯಲ್ಲಿ, ಕೆಳಗಿನ ಮುಚ್ಚಳದ ಅಂಚಿಗೆ ಒಣಗಿದ ಕಲೆ ಹುಡುಕಿ.

ಮೊದಲ 1000 ಕಿ.ಮೀ. ಆದ ಮೇಲೆ ಮೇಲಿನ ಮುಚ್ಚಳ ಒಮ್ಮೆ ಬಿಚ್ಚಿಸಿ ನೋಡಿ. ಒಂದಿಷ್ಟು ಕಪ್ಪು ಪುಡಿ ಇದ್ದರೆ ಚಿಂತೆಯಿಲ್ಲ. ಬೆಲ್ಟಿನ ಒಂದೇ ಅಂಚು ನುಣುಪಾಗಿ ಕೊರೆದಿದ್ದರೆ ಪಂಪಿನ ಗಾಲಿ ವಾಲಿದೆ ಅಥವಾ ಟೆನ್ಷನರ್ ನೆಟ್ಟಗೆ ಕೂತಿಲ್ಲ, ಆಗ ಕಾರನ್ನು ಅದೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.