5 ಎಚ್‌ಪಿ, 9 ಕೆಜಿ ಮೋಟಾರು ಎಂದರೆ ನಂಬಬೇಡಿ

ಗಾಳಿ ತುಂಬುವ ಸಣ್ಣ ದೋಣಿಗೆ ಹಗುರವಾದ ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂದೆ ಸಿಕ್ಕಿಸುವ ಮೋಟಾರು, ಹುಡುಕುತ್ತಿದ್ದೀರಾ? ‘5 ಎಚ್‌ಪಿ, ಬರೀ 9 ಕೆಜಿ, ಸಮುದ್ರಕ್ಕೂ ಸೂಕ್ತ’ ಎಂಬ ಜಾಹೀರಾತು ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ನಾನೂ ನನ್ನ ಭಾವನೂ ದುಡ್ಡು ಹಾಕಿ ತರಿಸಿದ್ದು ಅದನ್ನೇ.

ಪೆಟ್ಟಿಗೆ ಬಿಚ್ಚಿದಾಗ ಒಳಗಿದ್ದದ್ದು ತೋಟದಲ್ಲಿ ಹುಲ್ಲು ಕತ್ತರಿಸುವ ಬ್ರಷ್ ಕಟರ್ ಇಂಜಿನ್. 52 ಸಿಸಿ, ಟೂ ಸ್ಟ್ರೋಕ್. ಕೆಳಗೆ ಅಲ್ಯೂಮಿನಿಯಂ ಪೈಪು, ಬ್ಲೇಡ್ ಇರಬೇಕಾದ ಜಾಗದಲ್ಲಿ ಅಂಗೈ ಅಗಲದ ಪ್ರೊಪೆಲರ್. ಅಡಿಕೆ ತೋಟ ಇರುವವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಇಂಥ ಇಂಜಿನ್ ಎರಡು, ಎರಡೂವರೆ ಎಚ್‌ಪಿ ಕೊಟ್ಟರೆ ದೊಡ್ಡದು. ಮಾರಿದವನಿಗೆ ಫೋನ್ ಮಾಡಿದರೆ, ‘ಸರ್, ಅದು ಪೀಕ್ ಪವರ್’ ಅಂದ. ಪೀಕ್ ಅಂತೆ!

ವಾಪಸ್ ಕೊಡಬೇಕಾದರೆ ಒಮ್ಮೆ ನೀರಲ್ಲಿ ಓಡಿಸಿ ವಿಡಿಯೊ ಕಳಿಸಿ ಎಂದರು. ಸರಿ ಎಂದು ಕುಂದಾಪುರದ ಹತ್ತಿರ ಪಂಚಗಂಗಾವಳಿ ಹೊಳೆಗೆ ಇಳಿಸಿದೆವು. ಹೇಗೂ ಕಾಣೆ ಮೀನಿಗೆ ಗಾಳ ಹಾಕುವ ಆಸೆ ಇತ್ತು. ಶಬ್ದ ಹೇಗಿತ್ತೆಂದರೆ ಎದುರು ಕೂತ ಭಾವನ ಮಾತು ಕೇಳುತ್ತಿರಲಿಲ್ಲ. ಇದಕ್ಕೆ ನ್ಯೂಟ್ರಲ್ ಗೇರ್ ಇಲ್ಲ, ರಿವರ್ಸ್ ಇಲ್ಲ. ವೇಗ ಏರಿದಾಗ ತಾನಾಗಿ ಹಿಡಿಯುವ ಕ್ಲಚ್ ಒಂದೇ. ಅದು ಸರಿಯಾಗಿ ಬಿಡದಿದ್ದರೆ ಹಗ್ಗ ಎಳೆದ ಕೂಡಲೇ ಪ್ರೊಪೆಲರ್ ತಿರುಗಲು ಶುರು. ಹತ್ತಿರ ಮಕ್ಕಳು ಈಜುತ್ತಿದ್ದರೆ ಏನು ಗತಿ?

ಇನ್ನೊಂದು ವಿಷಯ ಜಾಹೀರಾತಿನ ಫೋಟೊದಲ್ಲಿ ಕಾಣುವುದಿಲ್ಲ. ಸರಿಯಾದ ಔಟ್‌ಬೋರ್ಡ್‌ಗಳಲ್ಲಿ ಹೊಗೆ ಸಾಮಾನ್ಯವಾಗಿ ನೀರೊಳಗೆ ಹೋಗುತ್ತದೆ. ಇದರದ್ದು ಮೇಲೇ, ಸೈಲೆನ್ಸರ್‌ನಿಂದ ನೇರ ಪಕ್ಕಕ್ಕೆ. ಮೋಟಾರನ್ನು ತಿರುಗಿಸಿದಾಗಲೆಲ್ಲ ಆ ಬಿಸಿ ಗಾಳಿ ಹಿಂದಿನ ಟ್ಯೂಬಿಗೆ ಹೊಡೆಯುತ್ತಿತ್ತು. ಕೈಯಿಟ್ಟು ನೋಡಿದರೆ ಪಿವಿಸಿ ಮೆತ್ತಗಾಗಿ, ಅಂಟಿಸಿದ ಪಟ್ಟಿಯ ಅಂಚು ಏಳುತ್ತಿತ್ತು. ಗಾಳಿಯ ಮೇಲೆ ತೇಲುವ ದೋಣಿಗೆ ಇದಕ್ಕಿಂತ ಅಪಾಯ ಏನು ಬೇಕು?

ಕೆಟ್ಟದ್ದು ಇಳಿತ ಶುರುವಾದ ಮೇಲೆ. ಐದು ಹೊಳೆಗಳ ನೀರು ಸೇರಿ ಗಂಗೊಳ್ಳಿ ಅಳಿವೆಯ ಕಡೆಗೆ ಎಳೆಯುತ್ತದೆ, ಅಲ್ಲಿಂದಾಚೆ ಸಮುದ್ರ. ಇಂಜಿನ್ ಜೋರಾಗಿ ಕೂಗುತ್ತಿದೆ, ದೋಣಿ ಮಾತ್ರ ಹಿಂದೆ ಹಿಂದೆ. ಆಮೇಲೆ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಪೈಪಿನೊಳಗಿನ ಸರಳಿನ ತುದಿ ಚೌಕವಾಗಿರಬೇಕು, ಗೇರ್ ಅದನ್ನೇ ಕಚ್ಚಿ ತಿರುಗುವುದು. ಆ ನಾಲ್ಕೂ ಮೂಲೆ ಸವೆದು ತುದಿ ಗುಂಡಗಾಗಿತ್ತು. ಹುಟ್ಟು ಹಾಕಿ ಕೈ ಸೋತಿತು. ಬಲೆ ಎತ್ತಿ ಬರುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ಎಳೆದು ತಂದರು. ಅವರಲ್ಲೊಬ್ಬರು ಮೋಟಾರು ನೋಡಿ, ‘ಇದ್ ಹುಲ್ ಕೊಯ್ವ ಮಿಷಿನ್ ಅಲ್ದಾ ಮಾರಾಯ್ರೆ?’ ಅಂದರು.

ಮಾರಿದವರ ಕೊನೆಯ ಉತ್ತರ: ಉಪ್ಪುನೀರಿಗೆ ಹಾಕಿದ್ದೀರಿ, ವಾರಂಟಿ ಇಲ್ಲ. ‘ಸಮುದ್ರಕ್ಕೂ ಸೂಕ್ತ’ ಎಂಬ ಸಾಲಿನ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅರ್ಧ ಹಣ ಕೊಟ್ಟರು. ಹಾಗಾಗಿ ಯಾವುದೇ ಸಾಮಾನು ಕೊಳ್ಳುವ ಮೊದಲು ಜಾಹೀರಾತಿನ ಪೂರ್ತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಸುಳ್ಳು ಹಿಡಿಯಲು ತೂಕ ಒಂದೇ ಸಾಕು. ಹೋಂಡಾದ 2.3 ಎಚ್‌ಪಿ ಮೋಟಾರು ಸುಮಾರು 13.5 ಕೆಜಿ. ಯಮಹಾದ 2.5 ಎಚ್‌ಪಿ ಸುಮಾರು 17 ಕೆಜಿ. ಫೋರ್ ಸ್ಟ್ರೋಕ್ 5 ಎಚ್‌ಪಿ ಆದರೆ 25 ಕೆಜಿ ಆಸುಪಾಸು. ಜಪಾನಿನವರಿಗೇ ಇಳಿಸಲಾಗದ ತೂಕವನ್ನು ಇವರು ಇಳಿಸಿದ್ದಾರೆ ಎಂದರೆ ಏನೋ ಬಿಟ್ಟಿದ್ದಾರೆ ಎಂದೇ ಅರ್ಥ. ಮೂರು ಮೀಟರ್ ಒಳಗಿನ ದೋಣಿ, ಇಬ್ಬರು ಜನ, ನಿಧಾನ ಓಡಾಟ ಅಂದರೆ ಎರಡೂವರೆ ಎಚ್‌ಪಿ ಸಾಕು. ದೋಣಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಗರಿಷ್ಠ ಎಚ್‌ಪಿ ಬರೆದಿರುತ್ತದೆ, ಕೆಲವದರಲ್ಲಿ ಮೋಟಾರಿನ ತೂಕದ ಮಿತಿಯೂ ಇರುತ್ತದೆ. ಅದನ್ನು ದಾಟಬೇಡಿ.

ಕರಾವಳಿಯಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ: ನಾಡದೋಣಿಯ ಹಳೇ 9.9 ಎಚ್‌ಪಿ ಇಂಜಿನ್ ಅಗ್ಗಕ್ಕೆ ಸಿಗುತ್ತದಲ್ವಾ? ಅದು 35 ಕೆಜಿ ದಾಟುತ್ತದೆ, ಸಣ್ಣ ದೋಣಿಯ ಹಿಂಭಾಗ ನೀರಿಗೆ ಕೂರುತ್ತದೆ. ಶಾಫ್ಟ್, ಅಂದರೆ ನೀರಿಗೆ ಇಳಿಯುವ ಕಾಲಿನ, ಉದ್ದವೂ ಹೊಂದುವುದಿಲ್ಲ. ಗಾಳಿ ದೋಣಿಯ ಹಿಂದಿನ ಹಲಗೆಗೆ ಸಾಮಾನ್ಯವಾಗಿ 15 ಇಂಚಿನ ಶಾರ್ಟ್ ಶಾಫ್ಟ್ ಬೇಕು, 20 ಇಂಚಿನದು ಲಾಂಗ್. ಪ್ರೊಪೆಲರ್ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಟೇಪ್ ಹಿಡಿದು ಅಳೆದೇ ಆರ್ಡರ್ ಮಾಡಿ.

ಬ್ಯಾಟರಿ ಮೋಟಾರು ಒಳ್ಳೆಯದೇ, ಆದರೆ ಅಲ್ಲೂ ಇದೇ ಆಟ. 55 ಪೌಂಡ್ ಥ್ರಸ್ಟ್ (ನೀರನ್ನು ತಳ್ಳುವ ಬಲ) ಎಂದರೆ 55 ಎಚ್‌ಪಿ ಅಲ್ಲ, ಒಂದೂ ಅಲ್ಲ! 12 ವೋಲ್ಟಿನಲ್ಲಿ ಪೂರ್ತಿ ವೇಗಕ್ಕೆ ಸುಮಾರು 50 ಆಂಪಿಯರ್ ಎಳೆಯುತ್ತದೆ, ಅಂದರೆ 600 ವ್ಯಾಟ್. ಒಂದು ಎಚ್‌ಪಿಗೆ 746 ವ್ಯಾಟ್ ಬೇಕು. ಜಾಹೀರಾತಿನ ತೂಕದಲ್ಲಿ ಬ್ಯಾಟರಿ ಸೇರಿರುವುದಿಲ್ಲ. 100 ಎಎಚ್ (ಆಂಪಿಯರ್-ಅವರ್) ಲೆಡ್ ಆಸಿಡ್ ಬ್ಯಾಟರಿ ಒಂದೇ 25 ಕೆಜಿ ಮೇಲೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳು. ಅಲ್ಲಿಗೆ ಪೂರ್ತಿ ವೇಗದಲ್ಲಿ ಹೆಚ್ಚೆಂದರೆ ಒಂದು ಗಂಟೆ. ಕೆರೆಗೆ ಸಾಕು. ಇಳಿತದ ಸೆಳೆತ ಇರುವ ಹೊಳೆಗೆ ನಾನಂತೂ ಒಯ್ಯುವುದಿಲ್ಲ.

ಪೆಟ್ರೋಲ್ ಮೋಟಾರಾದರೆ ಇಂಧನದ ಬಗ್ಗೆ ಕೇಳಿ. ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲಿ ಎಥನಾಲ್ ಮಿತಿ 10 ಶೇಕಡ. ನಮ್ಮ ಬಂಕ್‌ಗಳಲ್ಲಿ ಈಗ ಇ20, ಅಂದರೆ 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಿ ಕೇಳಲೇ ಬೇಡಿ. ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟುತ್ತದೆ. ಮನೆಗೆ ಬಂದ ಮೇಲೆ ಖಾಲಿ ಮಾಡಿಡಿ, ನೀರಿನಿಂದ ತಣಿಯುವ ಮೋಟಾರಾದರೆ ಸಿಹಿನೀರು ಹಾಯಿಸಿ ತೊಳೆಯಿರಿ.

ಕೊಳ್ಳುವ ಮುಂಚೆ ಅಂಗಡಿಯವರಿಗೆ ಎರಡೇ ಪ್ರಶ್ನೆ ಹಾಕಿ: ನೀರಿನಿಂದ ತಣಿಯುವ ಮೋಟಾರಾದರೆ, ನೀರಿನ ಪಂಪಿನ ರಬ್ಬರ್ ಇಂಪೆಲರ್ (ನೀರು ತಳ್ಳುವ ಚಕ್ರ) ನಿಮ್ಮಲ್ಲಿ ಸಿಗುತ್ತದಾ? ಪ್ರೊಪೆಲರ್‌ನ ಶಿಯರ್ ಪಿನ್ (ಪ್ರೊಪೆಲರ್ ಎಲ್ಲಾದರೂ ಬಡಿದರೆ ತಾನು ಮುರಿದು ಗೇರ್ ಉಳಿಸುವ ಪಿನ್)? ‘ಹಾಗಂದ್ರೆ ಏನು ಸರ್?’ ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ.