ಚೂರು ಬೀಳದ ಟ್ಯಾಪ್: ಎಂಟು ತಿಂಗಳು ಬಳಸಿದ ಮೇಲೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರಗಳಿಗೆ ಅಲ್ಯೂಮಿನಿಯಂ ಬ್ಲಾಕ್ ಮಾಡಿಕೊಡುತ್ತೇವೆ. ಒಂದೊಂದು ಬ್ಲಾಕಿಗೂ ಆರು ಎಂ6 ಥ್ರೆಡ್ (6 ಮಿ.ಮೀ. ಬೋಲ್ಟ್ ಕೂರುವ ಸುರುಳಿ ಗೆರೆ), ಆರೂ ತಳ ಮುಚ್ಚಿದ ತೂತು. ತೂತಿನೊಳಗೆ ಈ ಥ್ರೆಡ್ ಹಾಕುವ ಉಪಕರಣವೇ ಟ್ಯಾಪ್. ಹೋದ ವರ್ಷ ನಮ್ಮ ನಿದ್ದೆ ಕೆಡಿಸಿದ್ದು ಆ ತೂತುಗಳೇ. ಮಾಮೂಲಿ ಟ್ಯಾಪ್‌ನಲ್ಲಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಎಷ್ಟು ಜೋಪಾನವಾಗಿ ಹೊಡೆದರೂ, ಆಮೇಲೆ ಗಾಳಿ ಊದಿದರೂ, ತಳದಲ್ಲಿ ಎಣ್ಣೆ ಮೆತ್ತಿಕೊಂಡ ಲೋಹದ ಚೂರು ಉಳಿದೇ ಇರುತ್ತಿತ್ತು. ಬೋಲ್ಟ್ ಪೂರ್ತಿ ಕೂರುತ್ತಿಲ್ಲ ಅಂತ 40 ಪೀಸು ವಾಪಸ್ ಬಂದ ದಿನ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ಒಂದು ಫಾರ್ಮ್ ಟ್ಯಾಪ್, ಅಂದರೆ ಕತ್ತರಿಸದೆ ಒತ್ತಿಯೇ ಥ್ರೆಡ್ ಮಾಡುವ ಟ್ಯಾಪ್, ತಂದೆ. ಬೆಲೆ ಮಾಮೂಲಿ ಟ್ಯಾಪ್‌ನ ಎರಡೂವರೆ ಪಟ್ಟು.

ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಚೂರು ಹೊರಬರಲು ಇರುವ ಅಗಲವಾದ ತೋಡು ಇಲ್ಲ, ಎಣ್ಣೆ ಹರಿಯಲು ನಾಲ್ಕು ಸಣ್ಣ ಗೀರು ಮಾತ್ರ. ಮೂತಿಯ ಕಡೆಯಿಂದ ನೋಡಿದರೆ ಪೂರ್ತಿ ದುಂಡಗೂ ಇಲ್ಲ, ಅಲ್ಲಲ್ಲಿ ಉಬ್ಬಿದೆ. ಆ ಉಬ್ಬುಗಳೇ ಕೆಲಸ ಮಾಡುವುದು. ರಾಗಿಮುದ್ದೆಗೆ ಬೆರಳು ಒತ್ತಿದರೆ ಹಿಟ್ಟು ಪಕ್ಕಕ್ಕೆ ಏಳುತ್ತದಲ್ಲ, ಹಾಗೆ ಇದು ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಮೇಲೇಳಿಸುತ್ತದೆ. ಲೋಹದ ಎಳೆ ತುಂಡಾಗದೆ ಥ್ರೆಡ್‌ನ ಜೊತೆಗೇ ಬಾಗುತ್ತದೆ, ಒತ್ತಿಸಿಕೊಂಡ ಮೈ ಗಟ್ಟಿಯಾಗುತ್ತದೆ.

ಎಲ್ಲ ಇರುವುದು ಡ್ರಿಲ್ ಸೈಜಿನಲ್ಲಿ. ಎಂ6ಕ್ಕೆ ಮಾಮೂಲಿ ಟ್ಯಾಪ್ ಆದರೆ 5 ಮಿ.ಮೀ. ತೂತು. ಫಾರ್ಮ್ ಟ್ಯಾಪ್‌ಗೆ 5.5 ಬೇಕು. ಇದನ್ನು ನಾನು ಹುಡುಗನಿಗೆ ಬಾಯಿಮಾತಲ್ಲಿ ಹೇಳಿ ಊಟಕ್ಕೆ ಹೋದೆ. ಅವನ ಕೈ ಅಭ್ಯಾಸದಂತೆ 5ರ ಬಿಟ್‌ಗೇ ಹೋಯಿತು. ಪಕ್ಕಕ್ಕೆ ಏಳುವ ಲೋಹಕ್ಕೆ ಜಾಗವೇ ಇಲ್ಲದೆ ಮೊದಲ ತೂತಿನಲ್ಲೇ ಟ್ಯಾಪ್ ಕಚ್ಚಿಕೊಂಡು ಪಟ್ ಅಂತ ಮುರಿಯಿತು. ಮೈಯೆಲ್ಲ ಗಟ್ಟಿಯಾಗಿರುವ ಟ್ಯಾಪ್, ತೋಡಿಗೆ ಕಡ್ಡಿ ಹಾಕಿ ತಿರುಗಿಸಿ ತೆಗೆಯೋಣ ಅಂದರೆ ತೋಡೇ ಇಲ್ಲ. ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಮಷೀನ್‌ಗೆ ಕಳಿಸಿ ತೆಗೆಸಬೇಕಾಯಿತು. ಅದು ನನ್ನ ತಪ್ಪು, ಗೋಡೆ ಮೇಲೆ ಬರೆದು ಹೋಗಬೇಕಿತ್ತು. ಈಗ ಬರೆದಿದೆ: ಎಂ4ಕ್ಕೆ 3.7, ಎಂ5ಕ್ಕೆ 4.65, ಎಂ6ಕ್ಕೆ 5.5, ಎಂ8ಕ್ಕೆ 7.4. ತೂತು ದೊಡ್ಡದಾದರೂ ತೊಂದರೆಯೇ, ಥ್ರೆಡ್ ತುಂಬುವುದಿಲ್ಲ. ಅದಕ್ಕೇ ಪ್ರತಿ ಬ್ಯಾಚಿನ ಮೊದಲ ಪೀಸಿಗೆ ಥ್ರೆಡ್ ಅಳತೆ ಸರಿಯಿದೆಯೇ ಎಂದು ನೋಡುವ ಗೋ, ನೋ-ಗೋ ಗೇಜ್ ಹಾಕದೆ ಮುಂದೆ ಹೋಗುವುದಿಲ್ಲ.

ಎರಡನೇ ಟ್ಯಾಪ್ ತಂದು ಎಂಟು ತಿಂಗಳಾಯಿತು. ಪಿಲ್ಲರ್ ಡ್ರಿಲ್‌ಗೆ ಟ್ಯಾಪಿಂಗ್ ಅಟ್ಯಾಚ್‌ಮೆಂಟ್ ಹಾಕಿ ಹೊಡೆಯುತ್ತೇವೆ. ಹಿಂದೆ ಮುಂದೆ ಆಡಿಸುವ ಕೆಲಸವಿಲ್ಲ, ಒಂದೇ ಸಲ ಕೆಳಗೆ, ಒಂದೇ ಸಲ ಮೇಲೆ. ಮೊದಲ ಬ್ಲಾಕ್ ಮಗುಚಿ ಬಿಳಿ ಬಟ್ಟೆ ಮೇಲೆ ಕುಟ್ಟಿದಾಗ ಎರಡು ಹನಿ ಎಣ್ಣೆ ಬಿಟ್ಟು ಏನೂ ಬೀಳಲಿಲ್ಲ. ಆ ಬಟ್ಟೆಯನ್ನು ನಾನು ಸುಮಾರು ಹೊತ್ತು ನೋಡಿದೆ.

ಕೊಳ್ಳುವವರು ಕೆಲವು ವಿಷಯ ತಿಳಿದಿರಬೇಕು. ಇದಕ್ಕೆ ತಿರುಗಿಸುವ ಬಲ ಜಾಸ್ತಿ ಬೇಕು, ಕೈ ಹ್ಯಾಂಡಲ್‌ನಲ್ಲಿ ಹೊಡೆಯಲು ನಾನು ಹೇಳುವುದಿಲ್ಲ. ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ಅಲ್ಯೂಮಿನಿಯಂ ಟ್ಯಾಪ್‌ಗೇ ಅಂಟಿಕೊಳ್ಳುತ್ತದೆ. ತೂತಿನ ಬಾಯಲ್ಲಿ ಲೋಹ ಉಬ್ಬಿ ಅಂಚು ಏಳುತ್ತದೆ, ಮೊದಲೇ ಕೌಂಟರ್‌ಸಿಂಕ್ ಮಾಡಿಕೊಳ್ಳಿ (ಬಾಯಿಯ ಅಂಚನ್ನು ಓರೆಯಾಗಿ ಅಗಲಿಸಿಕೊಳ್ಳಿ). ಬೀಡು ಕಬ್ಬಿಣಕ್ಕೆ ಖಂಡಿತ ಬೇಡ, ಅದು ಬಗ್ಗುವ ಜಾತಿಯಲ್ಲ, ಪುಡಿಯಾಗುತ್ತದೆ. ಅಲ್ಯೂಮಿನಿಯಂ, ತಾಮ್ರ, ಮೈಲ್ಡ್ ಸ್ಟೀಲ್‌ಗೆ ಧಾರಾಳವಾಗಿ ಬಳಸಬಹುದು. ಥ್ರೆಡ್‌ನ ತುದಿಯಲ್ಲಿ ಎರಡು ಕಡೆಯ ಲೋಹ ಕೂಡುವಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತದೆ. ಅದು ದೋಷವಲ್ಲ, ಇದರ ಗುರುತೇ ಅದು. ಆದರೆ ಅಲ್ಲಿ ಕೊಳೆ ನಿಲ್ಲುತ್ತದೆ, ಆಹಾರದ ಯಂತ್ರದವರು ಒಪ್ಪದಿದ್ದರೆ ಅವರದು ನ್ಯಾಯವೇ.

ಮೂರು ಸಾವಿರ ತೂತು ದಾಟಿದೆ, ಗೇಜ್ ಇನ್ನೂ ಸರಿಯಾಗಿ ಕೂರುತ್ತಿದೆ. ಮಾಮೂಲಿ ಟ್ಯಾಪ್ ಸಾವಿರಕ್ಕೇ ಮೊಂಡಾಗುತ್ತಿತ್ತು. ಈಗ ಟ್ಯಾಪ್ ಡಬ್ಬಿಯಲ್ಲೇ ಅದರ 5.5ರ ಡ್ರಿಲ್ ಬಿಟ್ಟನ್ನೂ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದೇನೆ, ಒಂದನ್ನು ಬಿಟ್ಟು ಇನ್ನೊಂದನ್ನು ಯಾರೂ ಎತ್ತುವ ಹಾಗಿಲ್ಲ.